ಗೆದ್ದೆತ್ತಿನ ಬಾಲ

ಗೆದ್ದೆತ್ತಿನ ಬಾಲ ಹಿಡಿಯುವವರು ಎಂಬುದು ನಮ್ಮ ಕಡೆ ಬೈಗುಳ. ಪಂಚಾಯಿತಿ ಚುನಾವಣೆಯ ಫಲಿತಾಂಶ ಬಂದ ಸಂಜೆ ಯಾರು ಯಾರ ಮನೆಯ ಮುಂದೆ ಪಟಾಕಿ ಹಚ್ಚುತ್ತಾರೆಂದು ನೋಡಿಕೊಂಡು ಜನ ಈ ಮಾತನ್ನು ಆಡುತ್ತಾರೆ. ಆದರೆ ಅದೇ ಜನ ಕ್ರಿಕೆಟ್ಟಿನ ವಿಷಯ ಬಂದಾಗ "ನಾವು ಗೆದ್ದೆವು" ಎನ್ನುತ್ತಾರೆ. ಆಗ ಯಾರೂ ಯಾರನ್ನೂ ಬೈಯುವುದಿಲ್ಲ. ಬ್ಯಾಟು ಹಿಡಿಯದವನು, ಮೈದಾನ ಕಾಣದವನು, ಆಟದ ನಿಯಮವೇ ಅರ್ಧ ಗೊತ್ತಿಲ್ಲದವನು ಕೂಡ ಗೆಲುವಿನಲ್ಲಿ ಪಾಲು ಕೇಳಬಹುದು ಎಂಬ ಒಪ್ಪಂದ ನಮ್ಮೊಳಗೆ ಹೇಗೋ ಆಗಿಹೋಗಿದೆ. ಈ 'ನಾವು' ಎಂಬ ಪದಕ್ಕೆ ಏನು ಹಕ್ಕಿದೆ, ಹಕ್ಕಿದ್ದರೆ ಅದರ ಜೊತೆಗೆ ಯಾವ ಹೊಣೆ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ನಮಗೆ 1974ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೈಸೂರಿನಿಂದ ಕೃಷ್ಣರಾಜನಗರ ದಾಟಿ ಹಾಸನದ ಕಡೆ ಹೋಗುವ ದಾರಿಯಲ್ಲಿ ಭೇರ್ಯ ಇದೆ. ಸುತ್ತಮುತ್ತ ಭತ್ತದ ಸೀಮೆ. ಇಲ್ಲಿಯ ಹಿರಿಯರಲ್ಲಿ ಕೆಲವರು ಇವತ್ತಿಗೂ "ಬೊಂಬಾಯಿಯವರನ್ನ ನಾವು ಹೊಡೆದಾಕಿದ್ವಲ್ಲ, ಆ ವರ್ಷ" ಎಂದು ಕಾಲವನ್ನು ಗುರುತಿಸುತ್ತಾರೆ. ಹೊಡೆದು ಹಾಕಿದ್ದು ಬೆಂಗಳೂರಿನಲ್ಲಿ, ಈಗ ಚಿನ್ನಸ್ವಾಮಿ ಕ್ರೀಡಾಂಗಣ ಎಂದು ಕರೆಯುವ ಮೈದಾನದಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಆದ್ದರಿಂದ ಅಂದು ಈ ಊರುಗಳಿಗೆ ತಲುಪಿದ್ದು ರೇಡಿಯೊದ ದನಿ, ಮರುದಿನದ ಪತ್ರಿಕೆ, ಮೈಸೂರಿನಿಂದ ಬಂದ ಬಸ್ಸಿನಲ್ಲಿ ಇಳಿದವರ ಬಾಯಿಮಾತು, ಇಷ್ಟೇ. ಹೊಲದಲ್ಲಿ ಕ್ರಿಕೆಟ್ ಆಡುವ ಹುಡುಗರು ಆಗ ಈ ಭಾಗದಲ್ಲಿ ವಿರಳ. ಕಬಡ್ಡಿ ಇತ್ತು, ಕುಸ್ತಿ ಇತ್ತು, ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವ ಪರಿಣತಿ ಇತ್ತು. ಆದರೂ ಗೆಲುವು ನಮ್ಮದಾಯಿತು.

ಗೆಲುವಿನ ತೂಕ ಏನೆಂದು ಇಂದಿನ ಹುಡುಗರಿಗೆ ಹೇಳಬೇಕು. ರಣಜಿ ಟ್ರೋಫಿಯನ್ನು ಬೊಂಬಾಯಿ ತಂಡ 1958-59ರಿಂದ 1972-73ರ ವರೆಗೆ ಸತತ 15 ವರ್ಷ ಗೆದ್ದಿತ್ತು. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಹೈಸ್ಕೂಲು ಮುಗಿಸುವಷ್ಟು ಕಾಲ. ನಮ್ಮ ತಂಡ ಮೈಸೂರು ಎಂಬ ಹೆಸರಿನಲ್ಲಿ 1941-42ರಲ್ಲಿ, ಮತ್ತೆ 1959-60ರಲ್ಲಿ ಫೈನಲ್ ತಲುಪಿ ಎರಡು ಸಲವೂ ಬೊಂಬಾಯಿಗೇ ಸೋತಿತ್ತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಆ ಹೊಸ ಹೆಸರಿನ ಮೊದಲ ಋತುವಿನಲ್ಲೇ, 1974ರ ಮಾರ್ಚ್‌ನಲ್ಲಿ, ಸೆಮಿಫೈನಲ್‌ನಲ್ಲಿ ಬೊಂಬಾಯಿ ಎದುರಾಯಿತು. ಕರ್ನಾಟಕ 385 ರನ್ ಗಳಿಸಿತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬೊಂಬಾಯಿ 307ಕ್ಕೆ ಮುಗಿಯಿತು. ನಾಯಕ ಎರಪಳ್ಳಿ ಪ್ರಸನ್ನ ಸುನಿಲ್ ಗವಾಸ್ಕರ್‌ರನ್ನು ಬೌಲ್ಡ್ ಮಾಡಿದ ಎಸೆತದ ಬಗ್ಗೆ ಅದನ್ನು ನೋಡಿದವರು ಇಂದಿಗೂ ಮಾತನಾಡುತ್ತಾರೆ. ಪಂದ್ಯ ಪೂರ್ತಿಯಾಗಲಿಲ್ಲ. ಮೊದಲ ಇನಿಂಗ್ಸ್‌ನ 78 ರನ್ನುಗಳ ಮುನ್ನಡೆಯೇ ತೀರ್ಪಾಯಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಉಳಿಸಿಕೊಳ್ಳುವ ಒಂದು ಸಂಗತಿ ಇದೆ. ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಎದುರಿಸಿದ ಮೊದಲ ಎಸೆತ ಅವರ ಕಾಲಿಗೆ ಬಡಿಯಿತು. ಹಾಕಿದವರು ಬೊಂಬಾಯಿಯ ಅಬ್ದುಲ್ ಇಸ್ಮಾಯಿಲ್. ಅದು ನೇರವಾಗಿ ಎಲ್‌ಬಿಡಬ್ಲ್ಯು ಎಂದು ಆ ಆಟವನ್ನು ಕಂಡು ಬರೆದವರು ಮರೆಮಾಚದೆ ಹೇಳುತ್ತ ಬಂದಿದ್ದಾರೆ. ಹೀಗೆ ಹೇಳಿದವರಲ್ಲಿ ಕರ್ನಾಟಕದ ಅಭಿಮಾನಿಗಳೇ ಹೆಚ್ಚು. ಅಂಪೈರ್ ಕೈ ಎತ್ತಲಿಲ್ಲ. ಸೊನ್ನೆಗೆ ಹೋಗಬೇಕಿದ್ದವರು 162 ಹೊಡೆದರು. ಮುನ್ನಡೆ 78.

ಲೆಕ್ಕ ಹಾಕುವವರಿಗೆ ಇಲ್ಲಿ ಆಸೆಯಾಗುತ್ತದೆ. 385ರಲ್ಲಿ 162 ಕಳೆದರೆ ಉಳಿಯುವುದು 223, ಅಲ್ಲಿಗೆ ಬೊಂಬಾಯಿ ಗೆದ್ದಂತೆ. ಈ ಕಳೆಯುವ ಲೆಕ್ಕ ಸರಿಯಲ್ಲ. ವಿಶ್ವನಾಥ್ ಹೋಗಿದ್ದರೆ ಮುಂದಿನವನು ಬರುತ್ತಿದ್ದ, ಅವನು ಎಷ್ಟು ಹೊಡೆಯುತ್ತಿದ್ದನೋ ಯಾರು ಬಲ್ಲರು? ಆಟವಾಗಲಿ, ಬದುಕಾಗಲಿ, ಒಂದು ಇಟ್ಟಿಗೆ ಎಳೆದರೆ ಉಳಿದವು ಹಾಗೆಯೇ ನಿಲ್ಲುವ ಗೋಡೆಯಲ್ಲ. ಆದರೆ ಲೆಕ್ಕ ಸರಿಯಿಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಬಿದ್ದುಹೋಗುವುದಿಲ್ಲ. ಬೇರೆಯವರ ತಪ್ಪಿನಿಂದ ನಮಗೆ ದಕ್ಕಿದ್ದು ನಮ್ಮದೇ?

ಮೊದಲು ವಿಶ್ವನಾಥ್‌ರನ್ನು ಈ ಪ್ರಶ್ನೆಯಿಂದ ಬಿಡಿಸೋಣ. ಅವರು ಬ್ಯಾಟಿಗೆ ಚೆಂಡು ತಾಗಿ ಕ್ಯಾಚ್ ಹೋದರೆ ಅಂಪೈರ್ ಮುಖ ನೋಡದೆ ನಡೆದುಬಿಡುವವರೆಂದು ಹೆಸರಾದವರು. ಹಾಗಾದರೆ ಅಂದು ಯಾಕೆ ನಡೆಯಲಿಲ್ಲ ಎಂದು ಕೆಣಕುವವರಿದ್ದಾರೆ. ಎರಡೂ ಒಂದೇ ಅಲ್ಲ. ಬ್ಯಾಟಿಗೆ ಚೆಂಡು ತಾಗಿದ್ದು ನಡೆದ ಸಂಗತಿ, ಹಿಡಿಕೆ ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಕಾಲಿಗೆ ಬಡಿದ ಚೆಂಡು ಕಾಲು ಅಡ್ಡ ಇರದಿದ್ದರೆ ವಿಕೆಟ್ಟಿಗೆ ಹೋಗುತ್ತಿತ್ತು ಎಂಬುದು ನಡೆಯದ ಸಂಗತಿಯ ಊಹೆ. ಆ ಊಹೆಯನ್ನು ಮಾಡಲೆಂದೇ ಹಿಂದೆ ಒಬ್ಬನನ್ನು ನಿಲ್ಲಿಸಿದ್ದೇವೆ. ತನಗೆ ತಿಳಿದ ಸತ್ಯವನ್ನು ಬಚ್ಚಿಡುವುದು ಅಪ್ರಾಮಾಣಿಕತೆ. ತಾನು ತೀರ್ಪುಗಾರನಲ್ಲದ ವಿಷಯದಲ್ಲಿ ತೀರ್ಪಿಗೆ ತಲೆಬಾಗುವುದು ಅಪ್ರಾಮಾಣಿಕತೆಯಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಸುಳ್ಳು ಹೇಳಬಾರದು, ಆದರೆ ಸಾಕ್ಷಿಯೇ ಎದ್ದು ತೀರ್ಪು ಓದಲೂ ಬಾರದು.

ಆದ್ದರಿಂದ ಆಟಗಾರ ನಿರಪರಾಧಿ. ಪ್ರಶ್ನೆ ಉಳಿಯುವುದು ನಮ್ಮ ಮೇಲೆ, ಟ್ರೋಫಿಯನ್ನು ನಮ್ಮದೆಂದವರ ಮೇಲೆ.

ಸಾಮಾನ್ಯವಾಗಿ ಸಿಗುವ ಉತ್ತರ, ಅದೃಷ್ಟ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ ಎಂಬುದು. ಹದಿನೈದು ವರ್ಷ ಬೊಂಬಾಯಿಗೂ ಎಷ್ಟೋ ಇಂಥ ತೀರ್ಪು ಸಿಕ್ಕಿರಬಹುದು, ಈಗ ನಮಗೊಂದು ಸಿಕ್ಕಿತು, ಬಿಡಿ ಎನ್ನುತ್ತಾರೆ. ಕೇಳಲು ಸಮಾಧಾನವಾಗಿದೆ, ಆದರೆ ಇದನ್ನು ಆಟದಿಂದ ಹೊರಗೆ ತಂದು ನೋಡಿ. ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟ. ಹಿಂದೆ ಯಾವನೋ ಒಬ್ಬ ಅಂಗಡಿಯವನು ನಮಗೆ ತೂಕದಲ್ಲಿ ಮೋಸ ಮಾಡಿದ್ದ, ಆದ್ದರಿಂದ ಇದು ಜಮಾ ಎಂದರೆ ಯಾರು ಒಪ್ಪುತ್ತಾರೆ? ಅನ್ಯಾಯಗಳನ್ನು ಒಂದರ ಎದುರು ಒಂದು ಕಳೆಯಲು ಅವು ಒಂದೇ ಖಾತೆಯಲ್ಲಿಲ್ಲ.

ಇನ್ನು ಕೆಲವರು ಅದೇ ಪಂದ್ಯದಲ್ಲಿ ಬೊಂಬಾಯಿಯ ನಾಯಕ ಅಜಿತ್ ವಾಡೇಕರ್ ರನ್ ಔಟ್ ಆದದ್ದನ್ನು ಮುಂದಿಡುತ್ತಾರೆ. ಚೆನ್ನಾಗಿ ಆಡುತ್ತಿದ್ದವರು ಓಡುವಾಗ ಎಡವಟ್ಟಾಗಿ ಹೋದರು, ಅದೂ ನಮ್ಮ ಅದೃಷ್ಟವೇ ತಾನೆ ಎನ್ನುತ್ತಾರೆ. ಆಟಗಾರ ಓಟದಲ್ಲಿ ಎಡವಿದರೆ ಅದು ದುರದೃಷ್ಟ. ನೋಡಬೇಕಾದವನು ನೋಡದೆ ಹೋದರೆ ಅದು ಲೋಪ. ಮಳೆ ಬಂದು ಬೆಳೆ ಹಾಳಾದದ್ದಕ್ಕೂ ಸರ್ವೇಯರ್ ಸರಪಳಿಯನ್ನು ಓರೆಯಾಗಿ ಹಿಡಿದದ್ದಕ್ಕೂ ಇರುವ ಅಂತರ ರೈತನಿಗೆ ಹೇಳಿಕೊಡಬೇಕಿಲ್ಲ. ಎರಡರಲ್ಲೂ ನಷ್ಟವಿದೆ, ಆದರೆ ಎರಡನೆಯದರಲ್ಲಿ ಮಾತ್ರ ಅರ್ಜಿ ಹಾಕಬಹುದು.

ಅರ್ಜಿಯ ಮಾತು ಬಂದಾಗ ಅದೇ ತಿಂಗಳಿನ ಇನ್ನೊಂದು ಘಟನೆ ನೆನಪಾಗದೆ ಇರುವುದಿಲ್ಲ. ಬೆಂಗಳೂರಿನಲ್ಲಿ ಈ ಪಂದ್ಯ ನಡೆದ ಮಾರ್ಚ್ ತಿಂಗಳ 1ನೇ ತಾರೀಖಿನಂದೇ ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಮುಖ್ಯಮಂತ್ರಿ ದೇವರಾಜ ಅರಸರು ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಆ ದಿನಕ್ಕೆ ತಕ್ಷಣ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಫಾರಂ ನಂಬರ್ 7ರಲ್ಲಿ ಅರ್ಜಿ ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ತಾನು ಉಳುತ್ತಿದ್ದೆನೆಂದು ತೋರಿಸಿದವನು ಅದರ ಒಡೆಯನಾದ. ಕರಾವಳಿಯಷ್ಟು ಗೇಣಿ ನಮ್ಮ ಸೀಮೆಯಲ್ಲಿ ಹಬ್ಬಿರಲಿಲ್ಲ ನಿಜ, ಆದರೆ ಇಲ್ಲಿಯೂ ಫಾರಂ ಏಳರಿಂದ ತಲೆ ಎತ್ತಿದ ಮನೆಗಳಿವೆ. ಅದು ನ್ಯಾಯದ ಕಾಯಿದೆ, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೂ ನ್ಯಾಯದ ಕಾಯಿದೆಗೂ ಒಂದು ಗೆರೆ ಬೇಕು, ಗೆರೆಗೆ ಒಂದು ತಾರೀಖು ಬೇಕು. ಗೇಣಿಗೆ ಉಳುತ್ತಿದ್ದವನಿಗೆ ಹೊಲ ಸಿಕ್ಕಿತು. ಅದೇ ಹೊಲದಲ್ಲಿ ಅವನ ಪಕ್ಕದಲ್ಲೇ ನಾಟಿ ಹಾಕಿ, ಕಳೆ ಕಿತ್ತು, ಕೊಯ್ಲು ಮಾಡಿ ಕೂಲಿ ಪಡೆದವನಿಗೆ ಸಿಗಲಿಲ್ಲ. ಅವನ ಬೆವರು ಕಾಯಿದೆಯ ಕಣ್ಣಿಗೆ ಗೇಣಿಯಲ್ಲ, ಕೂಲಿ.

ಜಮೀನು ಸಿಕ್ಕವನು ಆಮೇಲೆ ದುಡಿದದ್ದು ಸುಳ್ಳೆ? ಅಲ್ಲ. ಬದು ಕಟ್ಟಿದ, ಗೊಬ್ಬರ ಹೊತ್ತ, ಮಕ್ಕಳನ್ನು ಓದಿಸಿದ. ಅದೆಲ್ಲ ಅವನದೇ. ಅಂಪೈರ್ ಉಳಿಸಿದ್ದು ಒಂದು ಎಸೆತವನ್ನು ಮಾತ್ರ. 162 ರನ್ನುಗಳನ್ನು ಅಂಪೈರ್ ಹೊಡೆದುಕೊಡಲಿಲ್ಲ, ವಿಶ್ವನಾಥ್‌ರ ಮಣಿಕಟ್ಟು ಹೊಡೆಯಿತು. ಅವಕಾಶ ಬೇರೆ, ಶ್ರಮ ಬೇರೆ. ನಮ್ಮಲ್ಲಿ ಹೆಚ್ಚಿನವರ ಸಾಧನೆಗಳನ್ನು ಬಿಡಿಸಿ ನೋಡಿದರೆ ಒಳಗೆ ಎಲ್ಲೋ ಕೈ ಎತ್ತದ ಒಬ್ಬ ಅಂಪೈರ್ ಸಿಗುತ್ತಾನೆ: ಸರಿಯಾದ ವರ್ಷ ಊರಿಗೆ ಬಂದ ಶಾಲೆ, ಜ್ವರದಲ್ಲಿ ಸಿಕ್ಕ ವೈದ್ಯ, ಅಣ್ಣನಿಗೆ ಸಿಗದೆ ತಮ್ಮನಿಗೆ ಸಿಕ್ಕ ಸೀಟು. ಇವನ್ನು ಹಿಂತಿರುಗಿಸಿ ಎಂದರೆ ಯಾರಿಗೆ ಹಿಂತಿರುಗಿಸುವುದು? ನಮಗೆ ತೋಚುವಂತೆ ಇಲ್ಲಿ ಹಿಂತಿರುಗಿಸುವ ಋಣವಿಲ್ಲ, ಆದರೆ ಹೇಳಬೇಕಾದ ಋಣವಿದೆ. ಗೆಲುವಿನ ಕಥೆ ಹೇಳುವಾಗ ಮೊದಲ ಎಸೆತವನ್ನೂ ಸೇರಿಸಿ ಹೇಳುವುದು. ಅದನ್ನು ಬಿಟ್ಟು ಹೇಳಿದರೆ ಪಕ್ಕದಲ್ಲಿ ಕೂಲಿ ಮಾಡಿದವನನ್ನು ಸೋಮಾರಿ ಎನ್ನಲು ಹೆಚ್ಚು ದಿನ ಬೇಕಾಗುವುದಿಲ್ಲ. ಫಾರಂ ಏಳರ ಹೊಲದ ಎರಡನೆಯ ತಲೆಮಾರಿನವರು ಜಮೀನಿಲ್ಲದವರ ಬಗ್ಗೆ ಆಡುವ ಮಾತನ್ನು ಕೆಲವೆಡೆ ಕೇಳಿದ್ದೇವೆ. ಆ ಮಾತಿನಲ್ಲಿ 1974ರ ಮಾರ್ಚ್ ಇರುವುದೇ ಇಲ್ಲ.

ವಿಶ್ವನಾಥ್ ಮುಂದೆ ಇನ್ನೊಂದು ಬಗೆಯಲ್ಲಿ ಈ ಪ್ರಶ್ನೆಯ ಎದುರು ನಿಂತರು. 1980ರ ಫೆಬ್ರವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್. ಭಾರತದ ನಾಯಕ ಅವರೇ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಆಮೇಲೆ ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ತೀರ್ಪು ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಅನಿಸಿತು. ಅಂಪೈರ್‌ಗೆ ಹೇಳಿ ಟೇಲರ್‌ರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಸಜ್ಜನಿಕೆ ಎಂದು ಹೊಗಳಿದವರ ಜೊತೆಗೇ ಒಂದು ಗಟ್ಟಿಯಾದ ಆಕ್ಷೇಪವೂ ಇತ್ತು, ಅದನ್ನು ತಳ್ಳಿಹಾಕಬಾರದು. ಸ್ವಂತ ಜೇಬಿನಿಂದ ದಾನ ಮಾಡು, ತಂಡದ ಗಂಟಿನಿಂದ ದಾನ ಮಾಡಲು ನಾಯಕನಿಗೇನು ಹಕ್ಕು? ಜೊತೆಗೆ ಹತ್ತು ಜನರಿದ್ದಾರೆ, ಹಿಂದೆ ಒಂದು ದೇಶವಿದೆ. ಒಬ್ಬನ ಒಳ್ಳೆಯತನಕ್ಕೆ ಉಳಿದವರೇಕೆ ಬೆಲೆ ತೆರಬೇಕು? ಇದು ಆಟಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮಸೀದಿಯ ಜಮಾಅತ್ತಿನ ಅಧ್ಯಕ್ಷನಿಗೂ ಸಹಕಾರ ಸಂಘದ ಕಾರ್ಯದರ್ಶಿಗೂ ಮನೆಯ ಹಿರಿಯನಿಗೂ ಇದು ಎದುರಾಗುತ್ತದೆ. ನಮ್ಮ ಉತ್ತರ ಹೀಗೆ: ದಾನವಾಗಿದ್ದರೆ ಆಕ್ಷೇಪ ಸರಿ. ಆದರೆ ಆ ವಿಕೆಟ್ ತಂಡದ ಗಂಟಿನಲ್ಲಿ ಇರಲೇ ಇಲ್ಲ. ತಪ್ಪಿ ಬಂದದ್ದನ್ನು ಕೊಟ್ಟರೆ ಅದು ದಾನವಲ್ಲ, ವಾಪಸಾತಿ. ತನ್ನವರ ಪರವಾಗಿ ಇನ್ನೊಬ್ಬರ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಯಾವ ನಾಯಕನಿಗೂ ತನ್ನವರಿಂದ ಸಿಗುವುದಿಲ್ಲ, ಏಕೆಂದರೆ ಅದು ಅವರ ಬಳಿಯೂ ಇಲ್ಲ. 1974ರದ್ದಕ್ಕೂ ಇದಕ್ಕೂ ವ್ಯತ್ಯಾಸವೂ ಸ್ಪಷ್ಟ. ಅಂದು ನಡೆಯದ ಸಂಗತಿಯ ಊಹೆ, ಇಂದು ಹತ್ತಿರದಲ್ಲೇ ನಿಂತು ಕಂಡದ್ದು.

1980ರಲ್ಲಿ ವಿಶ್ವನಾಥ್ 1974ರ ಸಾಲ ತೀರಿಸಿದರು ಎಂದು ಚೆಂದವಾಗಿ ಹೊಂದಿಸಿ ಹೇಳಬಹುದು. ನಮಗೆ ಅದು ಒಪ್ಪಿಗೆಯಿಲ್ಲ. ಸಾಲ ಕೊಟ್ಟದ್ದು ಅಬ್ದುಲ್ ಇಸ್ಮಾಯಿಲ್, ತೀರಿಸಿಕೊಂಡದ್ದು ಬಾಬ್ ಟೇಲರ್ ಎಂದರೆ ಯಾವ ಲೇವಾದೇವಿಯವನು ಒಪ್ಪುತ್ತಾನೆ? ಇಸ್ಮಾಯಿಲ್ ದೇಶೀಯ ಕ್ರಿಕೆಟ್‌ನಲ್ಲಿ ವರ್ಷಗಟ್ಟಲೆ ದುಡಿದರೂ ಟೆಸ್ಟ್ ಆಡಲಿಲ್ಲ. ಅವರಿಗೆ ಏನೂ ತಿರುಗಿ ಬರಲಿಲ್ಲ.

ರಾಜಸ್ಥಾನದವರನ್ನೂ ಒಂದು ಗಳಿಗೆ ನೆನೆಯೋಣ, ನಮ್ಮ ಕಥೆಯಲ್ಲಿ ಅವರು ಬರುವುದೇ ಇಲ್ಲ. 1960-61ರಿಂದ ಏಳು ಸಲ ಫೈನಲ್‌ಗೆ ಬಂದು ಏಳು ಸಲವೂ ಬೊಂಬಾಯಿಗೆ ಸೋತ ತಂಡ ಅದು. ಕೊನೆಗೊಮ್ಮೆ ಬೊಂಬಾಯಿ ಇಲ್ಲದ ಫೈನಲ್ ಸಿಕ್ಕಿತು, ಅದೂ ತಮ್ಮ ಊರಿನಲ್ಲೇ. ಎದುರಿಗೆ ಪ್ರಸನ್ನ, ಚಂದ್ರಶೇಖರ್. ಅವರ ಮೊದಲ ಟ್ರೋಫಿ 2010-11ರ ವರೆಗೆ ಕಾಯಬೇಕಾಯಿತು. ಬಲಿಷ್ಠನನ್ನು ಉರುಳಿಸಿದೆವೆಂದು ಬೀಗುವ ನಾವು ನಮಗಿಂತ ಹೆಚ್ಚು ಕಾದವನನ್ನೂ ಅದೇ ಕೈಯಲ್ಲಿ ಉರುಳಿಸಿದ್ದೆವು.

ಮತ್ತೆ ಆ 'ನಾವು' ಎಂಬ ಪದಕ್ಕೆ ಬರೋಣ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಐದು ತಿಂಗಳೂ ತುಂಬಿರಲಿಲ್ಲ. ಹಳೇ ಮೈಸೂರಿನ ನಮ್ಮ ಕಡೆ ಏಕೀಕರಣದ ಕಾಲದಿಂದಲೂ ಆ ಬಗ್ಗೆ ಗೊಣಗಾಟವಿತ್ತು, ಮೈಸೂರು ಎಂಬ ಹೆಸರನ್ನು ಬಿಡಲು ಮನಸ್ಸಿಲ್ಲದವರು ಬಹಳ ಜನ. ಅಂಥವರ ಬಾಯಲ್ಲೂ ಆ ಮಾರ್ಚ್‌ನಲ್ಲಿ ಕರ್ನಾಟಕ ಗೆದ್ದಿತು ಎಂಬ ಮಾತು ಸಲೀಸಾಗಿ ಬಂತು. ಶಾಸನಸಭೆ ಕೊಟ್ಟ ಹೆಸರನ್ನು ನಾಲಿಗೆಗೆ ಒಗ್ಗಿಸುವಲ್ಲಿ ಹನ್ನೊಂದು ಜನರ ಪಾಲೂ ಇದೆ ಎಂದರೆ ಅತಿಶಯವಲ್ಲ.

ಆ ಹನ್ನೊಂದು ಜನ ಯಾರು? ವಿಶ್ವನಾಥ್ ಭದ್ರಾವತಿಯವರು. ಪ್ರಸನ್ನ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಬೆಂಗಳೂರಿಗರು. ಬಿ.ಎಸ್. ಚಂದ್ರಶೇಖರ್ ಮೈಸೂರಿನಲ್ಲಿ ಹುಟ್ಟಿದವರು, ಬಾಲ್ಯದ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಜಗತ್ತನ್ನು ಹೆದರಿಸಿದವರು. ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡದಲ್ಲಿ. ವಿಕೆಟ್ ಹಿಂದಿನ ಸೈಯದ್ ಕಿರ್ಮಾನಿ ಹುಟ್ಟಿದ್ದು ಮದರಾಸಿನಲ್ಲಿ. ಅಂದು ಯಾರೂ ಇವರ ಮನೆಮಾತು ಯಾವುದು, ತಾತನ ಊರು ಯಾವುದು ಎಂದು ಕೇಳಲಿಲ್ಲ. ಕೇಳುವುದು ಕ್ಯಾಚ್ ಕೈಬಿಟ್ಟ ದಿನ. 2021ರ ಅಕ್ಟೋಬರ್‌ನಲ್ಲಿ ಟಿ-20 ವಿಶ್ವಕಪ್ಪಿನಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಮೊಹಮ್ಮದ್ ಶಮಿ ಮೇಲೆ ಸುರಿದ ಬೈಗುಳವನ್ನು ಎಲ್ಲರೂ ನೋಡಿದರು. ನಾಯಕ ವಿರಾಟ್ ಕೊಹ್ಲಿ ಅವರ ಪರ ನಿಂತು ಮಾತನಾಡಬೇಕಾಯಿತು. ಮರುವರ್ಷ ಏಷ್ಯಾ ಕಪ್ಪಿನಲ್ಲಿ ಕ್ಯಾಚ್ ಬಿಟ್ಟ ಅರ್ಶದೀಪ್ ಸಿಂಗ್‌ಗೂ ಅದೇ ಗತಿ. ಗೆದ್ದಾಗ 'ನಾವು' ಎಂದವರು ಸೋತಾಗ ಸುಮ್ಮನೆ 'ಅವರು' ಎಂದಿದ್ದರೆ ಅದು ಬಾಲ ಹಿಡಿಯುವ ಸಣ್ಣತನ ಮಾತ್ರ. ಸೋತಾಗ ತಂಡದೊಳಗಿನ ಒಬ್ಬನನ್ನು ಆರಿಸಿ ಅವನನ್ನಷ್ಟೇ 'ಅವನು' ಎನ್ನುವುದು ಬೇರೆಯೇ ಜಾತಿಯ ಕೆಲಸ. ಎತ್ತಿನ ಬಾಲ ಹಿಡಿದವನು ಸೋತ ಎತ್ತನ್ನು ಕಟುಕನಿಗೆ ತೋರಿಸುವಂತೆ ಅದು.

ಇತ್ತ 'ಅವರು' ಎಂದು ನಾವು ಕರೆದ ಬೊಂಬಾಯಿಯವರಾದರೂ ಯಾರು? 1971ರಲ್ಲಿ ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಸರಣಿ ಗೆದ್ದಾಗ ನಾಯಕರಾಗಿದ್ದವರು ಇದೇ ವಾಡೇಕರ್. ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತವರು ಇದೇ ಚಂದ್ರಶೇಖರ್. ಅಂದು ಭೇರ್ಯದಲ್ಲೂ ದಾದರಿನಲ್ಲೂ 'ನಾವು' ಒಂದೇ ಆಗಿತ್ತು. ವಿಶ್ವನಾಥ್ ಮದುವೆಯಾದದ್ದು ಗವಾಸ್ಕರ್‌ರ ಸೋದರಿಯನ್ನು. ಬೀಗರ ಮನೆಯನ್ನು ಶತ್ರುವಿನ ಕೋಟೆ ಎಂದು ವರ್ಣಿಸುವುದು ಅಭಿಮಾನಿಗಳಿಗೆ ಮಾತ್ರ ಸಾಧ್ಯ!

ಹಾಗಾದರೆ ದೂರದ ಊರಿನವನು ನಾವು ಗೆದ್ದೆವು ಎನ್ನಬಾರದೆ? ಅನ್ನಬಹುದು ಎಂದೇ ನಾವು ಹೇಳುತ್ತೇವೆ. ಅಪ್ಪನ ಆಸ್ತಿಯನ್ನು ದುಡಿದು ಗಳಿಸಿದ ಮಗನಿಲ್ಲ, ಆದರೂ ಪಾಲು ಕೇಳುತ್ತಾನೆ, ಕೊಡುತ್ತೇವೆ. ಆದರೆ ನಮ್ಮ ಹಳ್ಳಿಯ ಪಾಲು ಪಾರೀಕತ್ತಿನಲ್ಲಿ ಹೊಲದ ಪಟ್ಟಿ ಓದಿ ಮುಗಿದ ಮೇಲೆ ಸಾಲದ ಪಟ್ಟಿಯನ್ನೂ ಓದುತ್ತಾರೆ. ಹೊಲಕ್ಕೆ ಹೆಬ್ಬೆಟ್ಟು ಒತ್ತಿ ಸಾಲದ ಹೊತ್ತಿಗೆ ಎದ್ದು ಹೋಗುವವನನ್ನು ಪಂಚರು ಕೂರಿಸುತ್ತಾರೆ. 385 ನಮ್ಮದಾದರೆ ಕೈ ಎತ್ತದ ಅಂಪೈರ್ ಕೂಡ ನಮ್ಮ ಪಟ್ಟಿಯಲ್ಲಿ ಬರಬೇಕು. ಇದರಿಂದ ಗೆಲುವು ಸಣ್ಣದಾಗುತ್ತದೆಂದು ಹೆದರುವವರಿದ್ದಾರೆ. 2019ರ ವಿಶ್ವಕಪ್ ಫೈನಲ್‌ನಲ್ಲಿ ಬೆನ್ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದ ಚೆಂಡಿಗೆ ಐದರ ಬದಲು ಆರು ರನ್ ಕೊಟ್ಟದ್ದು ತಪ್ಪು ಎಂದು ಅಂಪೈರ್ ಕುಮಾರ ಧರ್ಮಸೇನ ಆಮೇಲೆ ಒಪ್ಪಿಕೊಂಡರು. ಟ್ರೋಫಿ ಇಂಗ್ಲೆಂಡಿನಲ್ಲೇ ಉಳಿಯಿತು, ಯಾರೂ ಕಿತ್ತುಕೊಳ್ಳಲಿಲ್ಲ. ಆ ಒಂದು ರನ್ನಿನ ಮಾತು ಮಾತ್ರ ಟ್ರೋಫಿಯ ಜೊತೆಗೇ ನಡೆಯುತ್ತದೆ, ನಡೆಯಲಿ.

ಕರ್ನಾಟಕ 2014-15ರ ಹೊತ್ತಿಗೆ ರಣಜಿಯನ್ನು ಎಂಟು ಸಲ ಗೆದ್ದಿತ್ತು. ಎಂಟನ್ನೂ ನಮ್ಮವರು ಬೆರಳು ಮಡಚಿ ಎಣಿಸಬಲ್ಲರು. ಆದರೆ 1974ರ ಮರುವರ್ಷವೇ, 1974-75ರ ಫೈನಲ್‌ನಲ್ಲಿ, ಬೊಂಬಾಯಿ ಕರ್ನಾಟಕವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಟ್ರೋಫಿಯನ್ನು ವಾಪಸು ಒಯ್ದಿತು. ಆ ಪಂದ್ಯದ ಬಗ್ಗೆ ಕೇಳಿದರೆ ಹೋಟೆಲಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ ಯಾರೋ ಒಬ್ಬರು, "ಓ, ಅದಾ? ಅವರು ಸೋತರು" ಎನ್ನುತ್ತಾರೆ.